ದೇವರಾಯನದುರ್ಗದ ಬುಡದಲ್ಲಿ ಮನೆ ಮಾಡೋಣ ಅಂತಿದ್ದೇವೆ, ಅಲ್ಲಿ ಬದುಕಿದವರು ಸ್ವಲ್ಪ ಹೇಳಿ

ಹೊಸಮನೆ ಹುಡುಕಾಟ:

ಎಲ್ಲರಿಗೂ ನಮಸ್ಕಾರ. ನಾವು ಇರುವುದು ತುಮಕೂರಿನಲ್ಲಿ, ಬಾಡಿಗೆ ಮನೆ. ನಾನು, ಹೆಂಡತಿ, ಅಮ್ಮ, ಮೂರನೇ ಕ್ಲಾಸಿನ ಮಗಳು. ಹೆಂಡತಿಯ ಕೆಲಸ ಮನೆಯಿಂದಲೇ. ನನಗೆ ವಾರಕ್ಕೆ ಐದು ದಿನ ಊರೊಳಗೆ ಆಫೀಸು.

ದೇವರಾಯನದುರ್ಗಕ್ಕೆ ನಾವು ಎಷ್ಟೋ ಸಲ ಹೋಗಿದ್ದೇವೆ. ಭೋಗನರಸಿಂಹನ ದರ್ಶನ, ಆಮೇಲೆ ಮೇಲೆ ಹತ್ತಿ ಯೋಗನರಸಿಂಹ, ಬರುವಾಗ ನಾಮದ ಚಿಲುಮೆಯಲ್ಲಿ ಬುತ್ತಿ ಬಿಚ್ಚಿ ತಿಂದು ವಾಪಸ್. ದೀಪಾವಳಿ ರಜೆಯಲ್ಲಿ ಹೋದಾಗ ಮಾತ್ರ ಬೆಟ್ಟದ ಬುಡದ ಒಂದು ಸಣ್ಣ ಹಳ್ಳಿಗೆ ಹೋದೆವು. ಮೂವತ್ತು ನಲವತ್ತು ಮನೆ ಇರಬಹುದು. ಅಲ್ಲಿ ಒಂದು ಎಕರೆ ಚಿಲ್ಲರೆ ಜಮೀನು ಮಾರಾಟಕ್ಕಿದೆ. ಒಂದು ಕಡೆ ಕಾಡು, ಒಂದು ಕಡೆ ಹಳ್ಳ, ನಡುವೆ ಎರಡು ದೊಡ್ಡ ಹುಣಸೆಮರ. ಹಳ್ಳದಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿತ್ತು, ಮಗಳು ಅದರೊಳಗೆ ಇಳಿದವಳು ಎಷ್ಟು ಕರೆದರೂ ಎದ್ದು ಬರಲಿಲ್ಲ. ಅಮ್ಮ ಹುಟ್ಟಿ ಬೆಳೆದಿದ್ದು ಹಳ್ಳಿಯಲ್ಲೇ, ಅವರಂತೂ ಹುಣಸೆಮರದ ಕೆಳಗೆ ಕೂತು, ಇಲ್ಲೇ ಇದ್ದುಬಿಡೋಣ ಕಣೋ ಅಂದರು. ನನಗೂ ಮನಸ್ಸು ಅಲ್ಲೇ ನಿಂತುಬಿಟ್ಟಿದೆ.

ಮಧ್ಯವರ್ತಿ ಬೇಗ ಅಡ್ವಾನ್ಸ್ ಕೊಡಿ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಬೋರ್ ಹಾಕಿಸಿದರೆ ನೀರು ಗ್ಯಾರಂಟಿ, ಹಳ್ಳ ಪಕ್ಕದಲ್ಲೇ ಇದೆಯಲ್ಲ ಅನ್ನುತ್ತಾರೆ. ಪ್ರಾಣಿಗಳ ಕಾಟ ಏನೂ ಇಲ್ಲವಂತೆ. ನೀರು, ಪ್ರಾಣಿ, ಓಡಾಟ, ಕಾಗದಪತ್ರ, ಯಾವುದರ ಬಗ್ಗೆ ಗೊತ್ತಿದ್ದರೂ ಹೇಳಿ. ತುಮಕೂರಿನಿಂದ ಬೆಟ್ಟಕ್ಕೆ ಹದಿನೈದು ಕಿಲೋಮೀಟರ್ ಅಷ್ಟೆ, ಅದೇನು ದೂರವಲ್ಲ ಅಂತ ನಮ್ಮ ಲೆಕ್ಕ.

ಬೆಟ್ಟದಬುಡ:

ನಾನು ಆ ಬೆಟ್ಟದ ಬುಡದಲ್ಲೇ ಹುಟ್ಟಿದವನು, ಈಗಲೂ ಅಲ್ಲೇ ರಾಗಿ, ಅವರೆ ಬೆಳೆಯುತ್ತೇನೆ. ನೀವು ಬರುವುದು ಬೇಡ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಆದರೆ ನೀವು ಜಮೀನು ನೋಡಿದ ಹೊತ್ತು ಸರಿಯಿಲ್ಲ. ನಮ್ಮ ಕಡೆ ವರ್ಷದ ದೊಡ್ಡ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಸ್ತ, ಚಿತ್ತೆ ಸುರಿದ ಮೇಲೆ ನಮ್ಮ ಬೆಟ್ಟದಲ್ಲಿ ಪ್ರತಿ ಬಂಡೆಯ ಸಂದಿಯೂ ಒಸರುತ್ತದೆ. ದೀಪಾವಳಿಯಲ್ಲಿ ಆ ಹಳ್ಳ ಹರಿಯದಿದ್ದರೇ ಆಶ್ಚರ್ಯ. ಅದೇ ಹಳ್ಳದಲ್ಲಿ ಮಾರ್ಚ್ ಕೊನೆಗೆ ನಾವು ಎಮ್ಮೆ ಕಟ್ಟುತ್ತೇವೆ, ಅಷ್ಟು ಒಣಗಿರುತ್ತದೆ. ಜಮೀನು ಕೊಳ್ಳುವುದಾದರೆ ಏಪ್ರಿಲ್‌ನಲ್ಲಿ ಬಂದು ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಬನ್ನಿ.

ಬೋರ್ ಬಗ್ಗೆ. ನಮ್ಮದು ಗಟ್ಟಿ ಕಲ್ಲಿನ ನೆಲ, ಗ್ರಾನೈಟ್. ಅಂಥ ಕಲ್ಲಿನೊಳಗೆ ನೀರು ಹರಡಿಕೊಂಡು ಇರುವುದಿಲ್ಲ, ಬಿರುಕಿನಲ್ಲಿ ಮಾತ್ರ ಇರುತ್ತದೆ. ಡ್ರಿಲ್ ಬಿರುಕಿಗೆ ಸಿಕ್ಕಿದರೆ ನೀರು, ಇಲ್ಲದಿದ್ದರೆ ಬರೀ ಕಲ್ಲಿನ ಪುಡಿ. ನಮ್ಮಪ್ಪ ಒಂದೇ ಹೊಲದಲ್ಲಿ ಮೂರು ಕಡೆ ಕೊರೆಸಿದರು. ಮೊದಲನೆಯದರಲ್ಲಿ ಬಿಳಿ ಹೊಗೆಯ ಹಾಗೆ ಪುಡಿ ಏಳುತ್ತಲೇ ಇತ್ತು, ರಾತ್ರಿ ಹನ್ನೊಂದರವರೆಗೂ. ಅಮ್ಮ ಒಳಗೆ ದೀಪ ಹಚ್ಚಿಟ್ಟು ಕೂತಿದ್ದರು. ಎರಡನೆಯದೂ ಅಷ್ಟೆ. ಮೂರನೆಯದು ಮೊದಲನೆಯದಕ್ಕಿಂತ ಇಪ್ಪತ್ತೇ ಹೆಜ್ಜೆ ದೂರ, ಅದರಲ್ಲಿ ಒಂದೂವರೆ ಇಂಚು ನೀರು ಬಂತು, ನಾಲ್ಕು ವರ್ಷ ಕೊಟ್ಟು ನಿಂತಿತು. ಅದಕ್ಕೇ ಯಾರಾದರೂ ಗ್ಯಾರಂಟಿ ಅಂದರೆ ನಂಬಬೇಡಿ. ನೀರು ಸಿಕ್ಕಿದರೂ ಕುಡಿಯುವ ಮುಂಚೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ನಮ್ಮ ಜಿಲ್ಲೆಯ ಪಾವಗಡ, ಮಧುಗಿರಿ ಕಡೆ ಅದರಿಂದ ಜನ ಎಷ್ಟು ನರಳಿದ್ದಾರೆ ಅಂತ ನಿಮಗೂ ಗೊತ್ತಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು.

ಇನ್ನೊಂದು ಮಾತು, ಇದು ನಮ್ಮ ಬೆಟ್ಟದ ದೊಡ್ಡ ವಿಷಯ, ತುಮಕೂರಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಯಮಂಗಲಿ ಹುಟ್ಟುವುದು ಇಲ್ಲಿ. ಶಿಂಷಾ ಹುಟ್ಟುವುದೂ ಇಲ್ಲೇ, ಬೆಟ್ಟದ ದಕ್ಷಿಣದ ಮಗ್ಗುಲಲ್ಲಿ. ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆ ಹೋಗಿ ಉತ್ತರ ಪಿನಾಕಿನಿ ಸೇರಿ ನೆಲ್ಲೂರಿನ ಹತ್ತಿರ ಸಮುದ್ರಕ್ಕೆ. ಶಿಂಷಾ ಮಾರ್ಕೋನಹಳ್ಳಿ ಅಣೆಕಟ್ಟು, ಮದ್ದೂರು ದಾಟಿ ಕಾವೇರಿಗೆ. ಅಂದರೆ ಒಂದೇ ಮೋಡದ ಮಳೆ ಈ ಬದಿಗೆ ಬಿದ್ದರೆ ಪಿನಾಕಿನಿ, ಆ ಬದಿಗೆ ಬಿದ್ದರೆ ಕಾವೇರಿ. ಇಲ್ಲಿ ಹಳ್ಳಕ್ಕೆ ಅಡ್ಡ ಒಂದು ಕಾಂಪೌಂಡ್ ಕಟ್ಟಿದರೆ ಅದು ನಿಮ್ಮ ಜಮೀನಿನ ವಿಷಯ ಮಾತ್ರ ಆಗಿರುವುದಿಲ್ಲ. ಮೊದಲು ಕೆಳಗಿನ ಕೆರೆಗೆ ನೀರು ಬರುವುದು ನಿಲ್ಲುತ್ತದೆ. ಐದಾರು ವರ್ಷದ ಹಿಂದೆ ನಮ್ಮ ಪಕ್ಕದಲ್ಲೇ ಹೊರಗಿನವರೊಬ್ಬರು ಹಾಗೆ ಕಟ್ಟಿದರು. ಎರಡು ಮಳೆಗಾಲ ನಮ್ಮ ಕೆರೆ ಅರ್ಧಕ್ಕೂ ಬರಲಿಲ್ಲ. ನೀವು ಹಾಗೆ ಮಾಡುವುದಿಲ್ಲ ಅಂತ ಭರವಸೆ ಕೊಟ್ಟರೆ ನಾನೇ ನಿಮಗೆ ಜಮೀನು ತೋರಿಸುತ್ತೇನೆ.

ಪಿಕಳಾರ:

ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. ನಾನು ಅಲ್ಲಿಯವನಲ್ಲ, ಹಕ್ಕಿ ನೋಡಲು ಹದಿನೈದು ವರ್ಷದಿಂದ ಹೋಗುತ್ತಿದ್ದೇನೆ. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಊರ್ಡಿಗೆರೆ ಮೇಲೆ ಹೋದರೆ ಬೆಳಿಗ್ಗೆ ಆರೂವರೆಗೆಲ್ಲ ಬೆಟ್ಟದ ಮೇಲೆ ಇರುತ್ತೇನೆ.

ನಿಮ್ಮ ಜಮೀನಿನ ಪಕ್ಕದ ಕಾಡು ಅಂದಿರಲ್ಲ, ಅದನ್ನು ಒಂದು ಸಲ ಹತ್ತಿರದಿಂದ ನೋಡಿ. ನಾಮದ ಚಿಲುಮೆಯ ಹತ್ತಿರ ದೊಡ್ಡ ಮರ, ತಂಪು ನೆರಳು ಇದೆ, ಎಲ್ಲರೂ ಅದನ್ನೇ ಕಾಡು ಅಂದುಕೊಳ್ಳುತ್ತಾರೆ. ಆದರೆ ಬೆಟ್ಟದ ಬಹುಪಾಲು ಕುರುಚಲು. ಬಂಡೆ, ಹುಲ್ಲು, ಕಾರೆ, ಬಂದರಿಕೆ, ಅಲ್ಲಲ್ಲಿ ಮುತ್ತುಗ, ಕಕ್ಕೆ. ಜನ ಇದನ್ನು ಪಾಳು ಭೂಮಿ ಅನ್ನುತ್ತಾರೆ. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಬೆಳಿಗ್ಗೆ ದೊಡ್ಡ ಬಂಡೆಯ ಪಕ್ಕದ ಪೊದೆಯಿಂದ ಹಕ್ಕಿಯೊಂದು ಬಂದು ಕಲ್ಲಿನ ಅಂಚಿನಲ್ಲಿ ಕೂತಿತು. ಬೂದು ಮೈ, ತಲೆ ಮತ್ತು ಕೊರಳು ಮಾತ್ರ ಅರಿಶಿನ ಬಳಿದ ಹಾಗೆ. ಬಾಯಲ್ಲಿ ಒಂದು ಸಣ್ಣ ಹಣ್ಣಿತ್ತು. ನಾನು ಉಸಿರು ಬಿಗಿಹಿಡಿದು ನಿಂತೆ. ಹಣ್ಣು ನುಂಗಿ, ಕೊಕ್ಕನ್ನು ಎರಡು ಸಲ ಕಲ್ಲಿಗೆ ಉಜ್ಜಿ ಹಾರಿಹೋಯಿತು. ಹಳದಿ ಕೊರಳಿನ ಪಿಕಳಾರ. ಇದು ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ, ಇಲ್ಲೂ ಇಂಥ ಬಂಡೆ ಬೆಟ್ಟಗಳ ಕುರುಚಲಿನಲ್ಲಿ ಮಾತ್ರ. ಅಳಿವಿನ ಅಪಾಯ ಇರುವ ಹಕ್ಕಿಗಳ ಪಟ್ಟಿಯಲ್ಲಿ ಸೇರಿದೆ. ಪಾಳು ಅಂತ ಆ ಪೊದೆ ಕಡಿದು ಲಾನ್ ಮಾಡಿದರೆ ಅದಕ್ಕೆ ಬೇರೆ ಜಾಗವಿಲ್ಲ.

ಅದಕ್ಕೇ ನನ್ನ ಕೋರಿಕೆ ಇಷ್ಟೆ. ಅಲ್ಲಿ ಮನೆ ಕಟ್ಟಿದರೆ ಕಾಡಿನ ಕಡೆಯ ಒಂದು ಪಟ್ಟಿ ಹಾಗೇ ಬಿಡಿ. ಕಾರೆ ಬೇಲಿ ಇದ್ದರೆ ಅದನ್ನೇ ಉಳಿಸಿಕೊಳ್ಳಿ. ಲಂಟಾನ ಇದ್ದರೆ ಮಾತ್ರ ಬುಡಸಮೇತ ಕೀಳಿಸಿ, ಅದು ಅಮೆರಿಕದ ಕಡೆಯಿಂದ ಬಂದ ಗಿಡ, ಬಿಟ್ಟರೆ ಉಳಿದ ಯಾವುದನ್ನೂ ಬೆಳೆಯಲು ಬಿಡುವುದಿಲ್ಲ. ರಾತ್ರಿಯಿಡೀ ಉರಿಯುವ ಫ್ಲಡ್ ಲೈಟ್ ಬೇಡ.

ಬೆಂಕಿ ಬಗ್ಗೆಯೂ ಹೇಳಲೇಬೇಕು. ಫೆಬ್ರವರಿಯಿಂದ ಹುಲ್ಲು ಪೂರ್ತಿ ಒಣಗಿರುತ್ತದೆ. ಒಂದು ಬೀಡಿ ತುಂಡು ಸಾಕು. ಒಂದು ಸಲ ಸಂಜೆ ನಾನು ಇಳಿದು ಬರುವಾಗ ಎದುರಿನ ಇಳಿಜಾರಿನಲ್ಲಿ ಬೆಂಕಿ ಗೆರೆ ಎಳೆದ ಹಾಗೆ ಮೇಲೆ ಹತ್ತುತ್ತಿತ್ತು. ಬೆಂಕಿ ಕೆಳಗಿಗಿಂತ ಮೇಲಕ್ಕೆ ಬೇಗ ಓಡುತ್ತದೆ, ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಅರಣ್ಯ ಇಲಾಖೆಯ ವಾಚರ್‌ಗಳು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುತ್ತಿದ್ದರು, ಹಳ್ಳಿಯ ಹುಡುಗರು ಐದಾರು ಜನ ಜೊತೆಗಿದ್ದರು. ನಾನೂ ಒಂದು ಗಂಟೆ ಬಡಿದೆ. ಮಾರನೇ ದಿನ ಆ ಜಾಗದಲ್ಲಿ ಸುಟ್ಟ ಆಮೆಯ ಚಿಪ್ಪು ಸಿಕ್ಕಿತು. ಅದನ್ನು ಇನ್ನೂ ಮರೆತಿಲ್ಲ. ಅರಣ್ಯ ಸಹಾಯವಾಣಿ 1926, ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.

ಹೊಸಮನೆ ಹುಡುಕಾಟ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಳ್ಳಕ್ಕೆ ಅಡ್ಡ ಕಟ್ಟುವ ಯೋಚನೆ ಖಂಡಿತ ಇಲ್ಲ. ಮಗಳಿಗೆ ಪಿಕಳಾರದ ಕಥೆ ಓದಿ ಹೇಳಿದೆ, ಇನ್ನೊಂದು ಸಲ ಓದು ಅಂದಳು. ಬೆಟ್ಟದಬುಡ ಅವರೇ, ಪ್ರಾಣಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳಿ. ಅಮ್ಮನಿಗೆ ಬೆಳಿಗ್ಗೆ ಐದಕ್ಕೇ ಎದ್ದು ಹೊರಗೆ ಓಡಾಡುವ ಅಭ್ಯಾಸ. ನಮ್ಮದೊಂದು ನಾಯಿಯೂ ಇದೆ.

ಬೆಟ್ಟದಬುಡ:

ಚಿರತೆ ಇದೆ. ಇಲ್ಲ ಅಂದವರು ನಿಮಗೆ ಸುಳ್ಳು ಹೇಳಿದ್ದಾರೆ. ಕರಡಿಯೂ ಇದೆ. ಇದು ಸುಮಾರು 42 ಚದರ ಕಿಲೋಮೀಟರ್‌ನ ಕಾಡು, ಸುತ್ತ ಹಳ್ಳಿಗಳು. ಅವು ನಮ್ಮ ನಡುವೆ ಅಲ್ಲ, ನಾವೇ ಅವುಗಳ ನಡುವೆ ಇದ್ದೇವೆ ಅಂತ ನಮ್ಮಜ್ಜಿ ಹೇಳುತ್ತಿದ್ದರು.

ಚಿರತೆಗೆ ಸಾಮಾನ್ಯವಾಗಿ ಮನುಷ್ಯ ಬೇಡ, ನಾಯಿ ಬೇಕು. ರಾತ್ರಿ ನಾಯಿಯನ್ನು ಹೊರಗೆ ಕಟ್ಟಿದರೆ ಕರೆದು ಬಡಿಸಿದ ಹಾಗೆ. ನಮ್ಮನೆ ನಾಯಿ ರಾತ್ರಿ ಒಳಗೇ ಮಲಗುತ್ತದೆ. ಕುರಿ ದೊಡ್ಡಿಗೆ ಮೇಲೂ ಜಾಲರಿ ಹಾಕಿದ್ದೇವೆ, ಬರೀ ಸುತ್ತ ಹಾಕಿದರೆ ಮೇಲಿಂದ ಇಳಿಯುತ್ತದೆ. ಅಮ್ಮ ಕತ್ತಲಲ್ಲಿ ಹೊರಗೆ ಹೋಗುವುದಾದರೆ ಕೈಯಲ್ಲಿ ಟಾರ್ಚ್ ಇರಲಿ, ಒಬ್ಬರೇ ಬೇಡ, ಸ್ವಲ್ಪ ಮಾತಾಡಿಕೊಂಡೋ ಕೋಲು ಕುಟ್ಟಿಕೊಂಡೋ ಹೋಗಲಿ. ಇದು ಮುಖ್ಯವಾಗಿ ಕರಡಿಗಾಗಿ. ಕರಡಿಗೆ ಕಣ್ಣು ಮಂದ, ಹುತ್ತ ಕೆದಕುತ್ತಾ ಮೈಮರೆತಿರುತ್ತದೆ, ನಾವು ಸದ್ದಿಲ್ಲದೆ ಹತ್ತಿರ ಹೋಗಿಬಿಟ್ಟರೆ ಗಾಬರಿಗೆ ಮೈಮೇಲೆ ಬೀಳುತ್ತದೆ. ದೂರದಿಂದಲೇ ನಮ್ಮ ಸದ್ದು ಕೇಳಿದರೆ ಅದೇ ಸರಿದು ಹೋಗುತ್ತದೆ. ಹಲಸಿನ ಕಾಲದಲ್ಲಿ ತೋಟಕ್ಕೇ ಬರುತ್ತದೆ, ಹಣ್ಣು ಮಾಗುವ ಮುಂಚೆ ಇಳಿಸಿಬಿಡಿ. ಕೊಳಕುಮಂಡಲ ಹಾವು ಜಾಸ್ತಿ, ಮನೆ ಸುತ್ತ ಕಲ್ಲು, ಸೌದೆ ರಾಶಿ ಹಾಕಬೇಡಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಏನೂ ಬೇಡ, ನೇರವಾಗಿ ಆಸ್ಪತ್ರೆಗೆ.

ಆದರೆ ದಿನನಿತ್ಯ ನಮಗೆ ಕಷ್ಟ ಕೊಡುವುದು ಇವು ಯಾವುವೂ ಅಲ್ಲ. ಕೋತಿ ಮತ್ತು ಹಂದಿ. ಕೋತಿಯನ್ನು ಹಾಳು ಮಾಡಿದ್ದು ಬೆಟ್ಟಕ್ಕೆ ಬರುವವರು. ಇದನ್ನು ಬರೆಯುವಾಗ ನನಗೆ ನಿಜವಾಗಲೂ ಬೇಜಾರಾಗುತ್ತದೆ. ದೇವಸ್ಥಾನದ ಹತ್ತಿರ ಕೂತು ನೋಡಿ. ಬೈಕ್ ನಿಲ್ಲಿಸಿದ ಅರ್ಧ ನಿಮಿಷಕ್ಕೆ ಒಂದು ಹೆಣ್ಣು ಕೋತಿ ಬರುತ್ತದೆ, ಹೊಟ್ಟೆಗೆ ಮರಿ ಅಂಟಿಕೊಂಡಿರುತ್ತದೆ. ಟ್ಯಾಂಕ್ ಮೇಲಿನ ಬ್ಯಾಗಿನ ಜಿಪ್ಪನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತದೆ. ಬಿಸ್ಕತ್ ಪೊಟ್ಟಣದ ಪ್ಲಾಸ್ಟಿಕ್ ಹರಿದು, ಆ ಹರಿದ ತುಂಡನ್ನು ಮರಿ ಬಾಯಿಗೆ ಹಾಕಿಕೊಳ್ಳುತ್ತದೆ. ಜನ ನಗುತ್ತಾ ವಿಡಿಯೋ ಮಾಡುತ್ತಾರೆ. ಭಾನುವಾರ ಹೀಗೆ ತಿಂದು ಬೆಳೆದ ಕೋತಿ ಸೋಮವಾರ ಕಾಡಿನ ಕಾಯಿ ಹುಡುಕುವುದಿಲ್ಲ, ನಮ್ಮ ಮನೆಯ ಹೆಂಚು ಸರಿಸುತ್ತದೆ, ಅವರೆ ಕಾಯಿ ಕಿತ್ತು ಹಾಕುತ್ತದೆ. ನೀವು ಬಂದರೆ ಒಂದು ಬಾಳೆಹಣ್ಣನ್ನೂ ಕೊಡಬೇಡಿ, ಮಗಳಿಗೂ ಹೇಳಿ.

ಹಂದಿ ಕಡಲೆಕಾಯಿ ಹೊಲಕ್ಕೆ ನುಗ್ಗಿದರೆ ಒಂದೇ ರಾತ್ರಿಗೆ ಉತ್ತ ಹಾಗಿರುತ್ತದೆ. ಬೆಳೆ ಹೋದರೆ ಇಲಾಖೆಯಿಂದ ಪರಿಹಾರಕ್ಕೆ ಅರ್ಜಿ ಹಾಕಬಹುದು, ಫೋಟೋ ತೆಗೆದಿಟ್ಟುಕೊಂಡು ತಡಮಾಡದೆ ಹಾಕಬೇಕು. ದಯವಿಟ್ಟು ಬೇಲಿಗೆ ಕರೆಂಟ್ ಕೊಡುವ ಕೆಲಸ ಯಾರು ಹೇಳಿದರೂ ಮಾಡಬೇಡಿ. ಮನುಷ್ಯರೂ ಸತ್ತಿದ್ದಾರೆ ಹಾಗೆ.

ಮೋಜಣಿ:

ಕಂದಾಯದ ಕಾಗದ ನೋಡಿಯೇ ಮೂವತ್ತು ವರ್ಷ ಕಳೆದವನು, ಈಗ ನಿವೃತ್ತ. ಕಾಗದಪತ್ರದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

2020ರಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆ ತೊಂದರೆ ನಿಮಗಿಲ್ಲ. ಆದರೆ ಬೆಟ್ಟದ ಬುಡದ ಜಮೀನಿನಲ್ಲಿ ಬೇರೆ ಎರಡು ತೊಂದರೆ ಇರುತ್ತವೆ. ಒಂದು, ಅದು ಮೂಲದಲ್ಲಿ ಸರ್ಕಾರ ಮಂಜೂರು ಮಾಡಿದ ಜಮೀನೇ ಅಂತ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ, ಅಂದರೆ ಅಂಥ ಜಮೀನಿನ ಪರಭಾರೆ ತಡೆಯುವ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ, ಮಾರಿದ್ದರೂ ಅದು ಊರ್ಜಿತವಲ್ಲ. ಆ ಕಾಯ್ದೆ ಇರುವುದೇ ಬಡವರ ಕೈಯಿಂದ ಜಮೀನು ಜಾರಿ ಹೋಗಬಾರದು ಅಂತ, ಅದನ್ನು ತಪ್ಪಿಸಲು ಯಾರಾದರೂ ಅಡ್ಡದಾರಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಈಗಿನ ಪಹಣಿ ಒಂದೇ ನೋಡಿದರೆ ಇದು ಗೊತ್ತಾಗುವುದಿಲ್ಲ, ಹಳೆಯ ಮ್ಯುಟೇಷನ್ (ಜಮೀನು ಯಾರಿಂದ ಯಾರಿಗೆ ಹೋಯಿತು ಅನ್ನುವ ದಾಖಲೆ), ಮಂಜೂರಾತಿ ಆದೇಶ ತೆಗೆಸಬೇಕು.

ಎರಡು, ಕಾಡಿನ ಗಡಿ. ಗ್ರಾಮ ನಕ್ಷೆ ತೆಗೆದುಕೊಳ್ಳಿ, ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆಗೆ ಅರ್ಜಿ ಹಾಕಿ, ಅರಣ್ಯ ಇಲಾಖೆಯವರೂ ಇರುವಾಗಲೇ ಅಳೆಸಿ. ಗಡಿ ಕಲ್ಲನ್ನು ಕಣ್ಣಾರೆ ನೋಡಿ, ಮುಟ್ಟಿ ನೋಡಿ. ಒಂದು ಎಕರೆ ಅಂತ ತೋರಿಸಿದ ಜಮೀನು ಅಳೆದರೆ ಇಪ್ಪತ್ತೆಂಟು ಗುಂಟೆ ಆಗಿದ್ದನ್ನು ನಾನು ಕಂಡಿದ್ದೇನೆ. ಉಳಿದ ಹನ್ನೆರಡು ಗುಂಟೆ ಕಾಡು. ನಿಮ್ಮ ಆ ಹುಣಸೆಮರಗಳು ಯಾವ ಬದಿಯಲ್ಲಿವೆ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಹಳ್ಳ ಸರ್ಕಾರದ್ದು, ಅದರ ದಂಡೆ ಸವರುವ ಹಾಗಿಲ್ಲ. ಅಡ್ವಾನ್ಸ್ ಕೊಡುವುದು ಇದೆಲ್ಲ ಆದ ಮೇಲೆ.

ಮೂರು ವರ್ಷ ಇದ್ದವಳು:

ನಾನು ನಿಮ್ಮ ಹಾಗೇ ಹೋದವಳು. ಬೆಂಗಳೂರಿನಿಂದ. ಮೂರು ವರ್ಷ ಇದ್ದು ಈಗ ತುಮಕೂರಿನಲ್ಲಿದ್ದೇನೆ.

ಹದಿನೈದು ಕಿಲೋಮೀಟರ್ ಅಂದಿರಿ. ಹಗಲಲ್ಲಿ ಹೌದು. ನಮ್ಮ ಮಾವನಿಗೆ ಒಂದು ರಾತ್ರಿ ಎರಡು ಗಂಟೆಗೆ ಎದೆ ನೋವು ಬಂತು. ಮಳೆ. ಕರೆಂಟ್ ಹೋಗಿತ್ತು, ಸಿಗ್ನಲ್ ಬೇಕಂದರೆ ಮನೆಯಿಂದ ನೂರು ಹೆಜ್ಜೆ ನಡೆದು ಬಂಡೆ ಹತ್ತಬೇಕು. ನಮ್ಮವರು ಊರಲ್ಲಿರಲಿಲ್ಲ. ನನಗೆ ಕಾರು ಓಡಿಸಲು ಬರುತ್ತದೆ, ಆದರೆ ಆ ತಿರುವುಗಳಲ್ಲಿ, ಆ ಮಳೆಯಲ್ಲಿ ಧೈರ್ಯ ಬರಲಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅವರ ಮಗ ಅಂಗಿ ಹಾಕಿಕೊಳ್ಳುತ್ತಲೇ ಓಡಿ ಬಂದ, ಅವನೇ ಕಾರು ಓಡಿಸಿದ. ದಾರಿಯಲ್ಲಿ ಒಂದು ಕೊಂಬೆ ಬಿದ್ದಿತ್ತು, ಇಳಿದು ಎಳೆದು ಹಾಕಿ ಮತ್ತೆ ಹೊರಟ. ಮಾವ ಉಳಿದರು. ಆದರೆ ಆಮೇಲೆ ಅವರಿಗೆ ಅಲ್ಲಿರಲು ಭಯ. ವಾಪಸ್ ಬಂದೆವು.

ಅದಕ್ಕೆ ನಿಮಗೆ ಹೇಳುವುದು, ಅಮ್ಮ ಮತ್ತು ಮಗಳನ್ನು ಇಟ್ಟುಕೊಂಡು ಹೋಗುವುದಾದರೆ ಹಳ್ಳಿಯೊಳಗೇ ಇರಿ. ಜಮೀನಿನ ನಡುವೆ ಒಂಟಿ ಮನೆ ಬೇಡ. ಮನೆಯಲ್ಲಿ ಇಬ್ಬರಿಗಾದರೂ ಕಾರು ಬರಬೇಕು, ಆ ರಸ್ತೆಯಲ್ಲಿ ರಾತ್ರಿ ಓಡಿಸಿ ರೂಢಿ ಇರಬೇಕು. ಹೆಂಡತಿಯ ಆಫೀಸ್ ಕೆಲಸಕ್ಕೆ ಯಾವ ಕಂಪನಿಯ ಸಿಗ್ನಲ್ ಬರುತ್ತದೆ ಅಂತ ಆ ಜಾಗದಲ್ಲೇ ಒಂದು ದಿನ ಪೂರ್ತಿ ಕೂತು ನೋಡಲಿ. ಭಾನುವಾರ ಮತ್ತು ಫಾಲ್ಗುಣದ ತೇರಿನ ದಿನ ಆ ರಸ್ತೆಯಲ್ಲಿ ಬೈಕ್ ಕೂಡ ಹೋಗುವುದು ಕಷ್ಟ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಆ ಮೂರು ವರ್ಷ ನನ್ನ ಬದುಕಿನ ಒಳ್ಳೆಯ ವರ್ಷಗಳು. ಮಳೆ ನಿಂತ ಮಾರನೇ ಬೆಳಿಗ್ಗೆ ಬೆಟ್ಟದ ಮೇಲಿಂದ ನೋಡಿದರೆ ಮಂಜಿನ ಮೇಲೆ ಶಿವಗಂಗೆ ಬೆಟ್ಟದ ತುದಿ ಮಾತ್ರ ಕಾಣುತ್ತದೆ, ಉಳಿದ ಲೋಕವೇ ಇಲ್ಲವೇನೋ ಅನ್ನುವ ಹಾಗೆ. ಆ ಹುಡುಗನ ಮದುವೆಗೆ ಹೋದ ತಿಂಗಳು ಹೋಗಿದ್ದೆ. ಅವರಮ್ಮ ನನ್ನ ಹಳೇ ಮನೆಯ ದಾಸವಾಳದ ಕಡ್ಡಿ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು ಕಳಿಸಿದರು. ಈಗ ಕುಂಡದಲ್ಲಿ ಚಿಗುರಿದೆ.

ಪಿಕಳಾರ:

ಒಂಟಿ ಮನೆ ಬೇಡ ಅನ್ನುವುದಕ್ಕೆ ನನ್ನದೂ ಒಂದು ಮತ. ಹಳ್ಳಿ ಒಂದೇ ಕಡೆ ಕೂಡಿಕೊಂಡಿದ್ದರೆ ಕಾಡಿಗೂ ಒಳ್ಳೆಯದು. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ ಎದ್ದರೆ ಪ್ರತಿ ಮನೆಗೂ ರಸ್ತೆ, ದೀಪ, ನಾಯಿ, ಕಸ. ಪ್ರಾಣಿಗಳು ಓಡಾಡುವ ದಾರಿ ತುಂಡು ತುಂಡಾಗುತ್ತದೆ. ಅಂದಹಾಗೆ ಮಗಳಿಗೆ ಇಷ್ಟ ಅಂದಿರಲ್ಲ, ಬೆಟ್ಟಕ್ಕೆ ಹಳೇ ಹೆಸರೊಂದು ಇದೆ ಅಂತ ಹೇಳಿ, ಆನೆಬಿದ್ದಸರಿ. ಆಮೇಲೆ ಜಡಕ ಅನ್ನುವ ಪಾಳೆಯಗಾರನಿಂದ ಜಡಕನದುರ್ಗ ಆಯಿತು, ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ.

ಹೊಸಮನೆ ಹುಡುಕಾಟ:

ಇದನ್ನೆಲ್ಲ ಅಮ್ಮ, ಹೆಂಡತಿ, ನಾನು ಕೂತು ಎರಡೆರಡು ಸಲ ಓದಿದೆವು. ಮಧ್ಯವರ್ತಿಗೆ ಅಳತೆ ಆಗುವವರೆಗೂ ಅಡ್ವಾನ್ಸ್ ಇಲ್ಲ ಅಂತ ಹೇಳಿದೆ. ಅವರು ಫೋನ್ ಮಾಡುವುದನ್ನು ನಿಲ್ಲಿಸಿದ್ದಾರೆ.

ನಿನ್ನೆ ಬೆಟ್ಟದಬುಡ ಅವರನ್ನು ಭೇಟಿ ಮಾಡಿದೆವು. ಅವರೇ ಹಳ್ಳಿಯೊಳಗೆ ಖಾಲಿ ಇರುವ ಒಂದು ಹೆಂಚಿನ ಮನೆ ತೋರಿಸಿದರು. ಸದ್ಯಕ್ಕೆ ಜಮೀನು ಬೇಡ. ಸಂಕ್ರಾಂತಿ ಕಳೆದ ಮೇಲೆ ಆ ಮನೆಗೆ ಬಾಡಿಗೆಗೆ ಹೋಗುತ್ತೇವೆ, ಬೇಸಿಗೆ ಪೂರ್ತಿ ಅಲ್ಲೇ. ಮಗಳನ್ನು ಸ್ಕೂಲಿಗೆ ನಾನೇ ಆಫೀಸಿಗೆ ಹೋಗುವಾಗ ಬಿಡುತ್ತೇನೆ. ಹೆಂಡತಿ ಅಂಗಳದಲ್ಲಿ ಕೂತು ಎರಡು ಗಂಟೆ ಕೆಲಸ ಮಾಡಿ ನೋಡಿದಳು, ಒಂದು ಸಲ ಮಾತ್ರ ಸಿಗ್ನಲ್ ಹೋಯಿತು. ಅವಳು ಈ ವಾರದಿಂದ ಡ್ರೈವಿಂಗ್ ಕ್ಲಾಸಿಗೆ ಸೇರುತ್ತಾಳೆ.

ಮನೆಯ ಹಿಂದೆ ಊರಿನ ಹಳೇ ಮೆಟ್ಟಿಲು ಬಾವಿ ಇದೆ. ಅಮ್ಮ ಅದರ ಕಟ್ಟೆ ಮೇಲೆ ಕೂತು ಒಳಗೆ ನೋಡುತ್ತಾ ನೀರಿನ ಮೇಲೆ ಕಾಣುವ ಮೆಟ್ಟಿಲು ಎಣಿಸಿದರು. ಈಗ 7 ಕಾಣುತ್ತಿವೆ. ಯುಗಾದಿ ಹೊತ್ತಿಗೆ ಇನ್ನೊಂದು ಸಲ ಎಣಿಸಿ ಇಲ್ಲೇ ಬರೆಯುತ್ತೇನೆ.